ಚೌಕ ಹಾಕದೆ ಬರೆದ ಮುಖ

ಹರ್ಬರ್ಟ್ ಮೊಂತೇರೊನ ಅಂಗಡಿ ಇದ್ದದ್ದು ನಾಯ್ಮಾರ್ಮೂಲೆಯಲ್ಲಿ, ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ, ಒಂದು ಗಾಜಿನಂಗಡಿಯ ಮಾಳಿಗೆಯಲ್ಲಿ. ಊರು ಬೇಳ, ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದ. ಸತ್ತವರ ಮುಖವನ್ನು ದೊಡ್ಡದು ಮಾಡಿಕೊಡುವುದು ಅವನ ಕಸುಬು. ಜನ ಪಾಸ್‌ಪೋರ್ಟಿನಿಂದ ಕಿತ್ತ ಫೋಟೊ ತರುತ್ತಿದ್ದರು, ಇಲ್ಲವೇ ಯಾರದೋ ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನಿಂದ ಇಣುಕುವ ಉಗುರಿನಷ್ಟು ಮುಖ. ಹರ್ಬರ್ಟ್ ಅದರ ಮೇಲೆ ಗೆರೆ ಕೊರೆದ ಗಾಜಿನ ತುಂಡು ಇಡುತ್ತಿದ್ದ. ದಪ್ಪ ಕಾಗದದ ಮೇಲೆ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಎಳೆದು, ಒಂದೊಂದು ಚೌಕದೊಳಗೆ ಕಂಡದ್ದನ್ನು ಇಲ್ಲಿಂದ ಅಲ್ಲಿಗೆ ಸಾಗಿಸುತ್ತಿದ್ದ. ಆಮೇಲೆ ಕಪ್ಪು ಪುಡಿಯನ್ನು ಹತ್ತಿಯಲ್ಲಿ ತಿಕ್ಕಿ ಕೆನ್ನೆಯನ್ನು ನುಣುಪು ಮಾಡಿ, ತುಟಿಗೆ ತುಸು ಗುಲಾಬಿ ಕೊಟ್ಟು, ಎರಡೂ ಕಣ್ಣುಗಳ ಎಡ ಮೇಲ್ಭಾಗದಲ್ಲಿ ಒಂದೊಂದು ಬಿಳಿ ಚುಕ್ಕೆ ಇಟ್ಟರೆ ಮುಖ ಮುಗಿಯಿತು.

ಗಲ್ಫಿನ ದುಡ್ಡು ಬರತೊಡಗಿದ ಕಾಲ. ಹೊಸ ಟೆರೇಸು ಮನೆಗಳಲ್ಲಿ ಬಾಗಿಲಿನ ಮೇಲೆ ತಂದೆತಾಯಿಯರ ದೊಡ್ಡ ಚಿತ್ರ ಇರಲೇಬೇಕೆಂಬ ಶೋಕಿ ಹಿಂದೂಗಳಲ್ಲೂ ಕ್ರಿಸ್ತರಲ್ಲೂ ಹಬ್ಬಿತ್ತು. ಸುತ್ತಲಿನ ಮುಸ್ಲಿಂ ವ್ಯಾಪಾರಿಗಳು ಮನೆಯಲ್ಲಿ ಮುಖದ ಚಿತ್ರ ಇಡುವವರಲ್ಲ. ಅವರು ಹರ್ಬರ್ಟನಿಂದ ಅಂಗಡಿಯ ಬೋರ್ಡು ಬರೆಸುತ್ತಿದ್ದರು. ಚೌಕ ಎಳೆಯುವುದು, ಫ್ರೇಮಿಗೆ ಮೊಳೆ ಹೊಡೆಯುವುದು ಹೆಂಡತಿ ಸೋಫಿಯಾಳ ಪಾಲಿನ ಕೆಲಸ. ಊರಿನ ಪಾದ್ರಿಗಳು ಒಮ್ಮೆ ಅವನ ಕೈಯಲ್ಲಿ ದೇವರ ವರ ಉಂಟು ಎಂದು ಹತ್ತು ಜನರ ಎದುರು ಹೇಳಿದ್ದರು. ಹರ್ಬರ್ಟ್ ಅದನ್ನು ನಂಬಿದ್ದ. ನಂಬದೇ ಇರಲು ಕಾರಣವೂ ಇರಲಿಲ್ಲ.

೧೯೮೬ರ ಮಳೆಗಾಲ ಮುಗಿಯುವ ಹೊತ್ತಿಗೆ ಎಣ್ಮಕಜೆಯಿಂದ ಒಂದು ಜೀಪು ಬಂತು. ಬಂದವನು ಬಟ್ಯ, ದುಬಾಯಿಯಲ್ಲಿ ಕೆಲಸದಲ್ಲಿದ್ದು ರಜೆಗೆ ಬಂದವನು. ಅವನ ತಾಯಿ ಅಮ್ಮಣಿ ಬೆಳಿಗ್ಗೆ ತೀರಿಕೊಂಡಿದ್ದಳು. ಬದುಕಿದ್ದಾಗ ಅವಳ ಒಂದೇ ಒಂದು ಫೋಟೊ ತೆಗೆದವರಿಲ್ಲ. ಈಗ ಸ್ಟುಡಿಯೋದವನನ್ನು ಕರೆಸಿ ಹೆಣದ ಫೋಟೊ ತೆಗೆದರೆ ಅದು ಹೆಣದ ಫೋಟೊವೇ ಆಗುತ್ತದೆ. ಕಣ್ಣು ಬಿಟ್ಟು ಕೂತ ಹಾಗೆ ಒಂದು ಚಿತ್ರ ಬೇಕು ಎಂದ. ಹರ್ಬರ್ಟ್ ಇಂಥ ಕೆಲಸ ಮಾಡಿದವನಲ್ಲ. ಆದರೂ ಕೈಯಲ್ಲಿ ವರ ಇದ್ದವನು ಇಲ್ಲ ಎನ್ನುವುದು ಹೇಗೆ? ಹಲಗೆ ಕಾಗದ ಹಿಡಿದು ಜೀಪು ಹತ್ತಿದ.

ಚಾವಡಿಯಲ್ಲಿ ಬಾಳೆಲೆಯ ಮೇಲೆ ಅಮ್ಮಣಿಯನ್ನು ಮಲಗಿಸಿದ್ದರು. ತಲೆಯ ಬಳಿ ದೀಪ, ಒಡೆದ ತೆಂಗಿನಕಾಯಿ. ಆಗಷ್ಟೇ ಮೀಯಿಸಿ ಮುಖಕ್ಕೆ ಪೌಡರು ಹಾಕಿದ್ದರು, ಆದರೆ ಪೌಡರಿನ ಅಡಿಯಿಂದ ಬೇರೊಂದು ವಾಸನೆ ಏಳುತ್ತಿತ್ತು. ಬಹುದಿನ ಮಲಗಿದಲ್ಲೇ ಇದ್ದವರ ಬೆನ್ನಿನ ಹುಣ್ಣಿನ ವಾಸನೆ. ಊದುಬತ್ತಿಯ ಹೊಗೆಗೆ ಅದು ಮಣಿಯುತ್ತಿರಲಿಲ್ಲ. ತೋಟದ ಬದಿಯಲ್ಲಿ ಚಿತೆಗೆಂದು ಮಾವಿನ ಮರ ಕಡಿಯುವ ಸದ್ದು ಕೇಳಿಸುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಚಿತ್ರದ ಕೆಲಸ ಆಗಬೇಕು.

ಹರ್ಬರ್ಟ್ ಎದುರು ಮಣೆ ಹಾಕಿ ಕುಳಿತ. ಪೆನ್ಸಿಲ್ ಹಿಡಿದ. ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಗಾಜಿನ ತುಂಡು ಇಡಲು ಫೋಟೊ ಇಲ್ಲ, ಚೌಕಗಳಿಲ್ಲ. ದವಡೆ ಎಲ್ಲಿ ತಿರುಗಿ ಕುತ್ತಿಗೆಯಾಗುತ್ತದೆ, ಕಣ್ಣಿನ ಗುಳಿ ಮೂಗಿನಿಂದ ಎಷ್ಟು ಹಿಂದಕ್ಕಿದೆ ಎಂದು ನೋಡಿದಷ್ಟೂ ಎಲ್ಲ ಕಲಸಿಹೋಗುತ್ತಿತ್ತು. ಒಂದು ನೊಣ ಬಂದು ಅಮ್ಮಣಿಯ ತುಟಿಯ ಮೂಲೆಯಲ್ಲಿ ಕೂತಿತು. ಹತ್ತಾರು ವರ್ಷ ಮುಖಗಳನ್ನೇ ಮಾಡುತ್ತ ಬಂದವನಿಗೆ ಒಂದು ಮುಖವನ್ನು ನೋಡಲು ಬರುವುದಿಲ್ಲ ಎಂಬುದು ಅಲ್ಲಿ, ಆ ವಾಸನೆಯ ನಡುವೆ, ತಿಳಿಯಿತು. ಬಟ್ಯ ಬಂದು ಹಿಂದೆ ನಿಂತಾಗ ಕೈ ತನ್ನಷ್ಟಕ್ಕೆ ಓಡತೊಡಗಿತು. ಯಾವಾಗಲೂ ಮಾಡುವ ತುಂಬಿದ ಕೆನ್ನೆ, ಯಾವಾಗಲೂ ಮಾಡುವ ತುಟಿ. ಉಳಿದದ್ದನ್ನು ಅಂಗಡಿಯಲ್ಲಿ ಸರಿಮಾಡುತ್ತೇನೆಂದು ಹೇಳಿ ಅವನು ಎದ್ದ. ಬಟ್ಯ ಹೊರಗೆ ಜೀಪಿನವರೆಗೆ ಬಂದು, ಅಮ್ಮನ ಕುತ್ತಿಗೆಗೆ ದಪ್ಪದ ಒಂದು ಚಿನ್ನದ ಸರ ಹಾಕಿ, ಬಣ್ಣ ಸ್ವಲ್ಪ ಬೆಳ್ಳಗೆ ಬರಲಿ ಎಂದು ಮೆಲ್ಲಗೆ ಹೇಳಿದ.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ಊಟದ ದಿನ, ಚಿತ್ರವನ್ನು ಅವನೇ ಕೊಂಡುಹೋದ. ಚಪ್ಪರದಲ್ಲಿ ಜನ ತುಂಬಿತ್ತು. ಗುಲಾಬಿ ತುಟಿಯ, ಚಿನ್ನದ ಸರದ, ಕೆನ್ನೆ ತುಂಬಿದ ಹೆಂಗಸನ್ನು ಕುರ್ಚಿಯ ಮೇಲಿಟ್ಟು ಮಾಲೆ ಹಾಕಿದರು. ಅಮ್ಮಣಿಯೇ ಎದ್ದು ಬಂದ ಹಾಗಿದೆ ಎಂದು ನೆಂಟರು ಕಣ್ಣೊರೆಸಿಕೊಂಡರು. ಹರ್ಬರ್ಟ್ ಕೈ ತೊಳೆಯಲು ಹಿಂದಿನ ಬಾವಿಕಟ್ಟೆಗೆ ಹೋದಾಗ ಅಲ್ಲಿ ಬಟ್ಯನ ತಂಗಿ ಲೋಲಾಕ್ಷಿ ಪಾತ್ರೆ ತಿಕ್ಕುತ್ತಿದ್ದಳು. ಗಂಡ ಬಿಟ್ಟುಹೋದ ಮೇಲೆ ತಾಯಿಯ ಜೊತೆಗೇ ಇದ್ದವಳು. ಅವಳು ತಲೆ ಎತ್ತದೆ, ಕ್ರಿಸ್ತರನ್ನು ಊರಲ್ಲಿ ಕರೆಯುವ ಹೆಸರಿನಿಂದಲೇ ಕರೆದು, ಕೇಳಿದಳು:

"ಪೊರ್ಬುಗಳೇ, ಕುರ್ಚಿಯಲ್ಲಿ ಇಟ್ಟದ್ದು ಯಾರನ್ನು?"

"ನಿಮ್ಮ ಅಮ್ಮನನ್ನು."

"ನನ್ನ ಅಮ್ಮನ ಬಾಯಿ ಒಂದು ಬದಿಗೆ ಸೊಟ್ಟ ಇತ್ತು. ವಾತ ಹೊಡೆದ ಮೇಲೆ ಆ ಸಂದಿನಿಂದಲೇ ನಾನು ಗಂಜಿ ಹಾಕಿದ್ದು. ನೀವು ಅಷ್ಟು ಹೊತ್ತು ಎದುರಿಗೇ ಕೂತಿದ್ದಿರಲ್ಲ, ಎಂತ ನೋಡಿದ್ದು?"

ಲೋಲಾಕ್ಷಿ ಬಾವಿಯ ಆಚೆಗಿನ ಕೊಟ್ಟಿಗೆಯನ್ನು ಗದ್ದದಲ್ಲೇ ತೋರಿಸಿದಳು. ಅದಕ್ಕೆ ತಾಗಿ ಸೌದೆ ಪೇರಿಸುವ ಕೋಣೆ ಇತ್ತು. ವಾಸನೆ ಬರುತ್ತದೆ ಎಂದು ಅಮ್ಮಣಿಯನ್ನು ಕೊನೆಯ ಎರಡು ವರ್ಷ ಅಲ್ಲೇ ಹಾಕಿದ್ದರಂತೆ. ಚಾವಡಿಗೆ ತಂದದ್ದು ಸತ್ತ ಮೇಲೆ. ಹರ್ಬರ್ಟ್ ಊಟ ಮಾಡದೆ ಹೊರಟ. ಪೆರ್ಲದ ಕಡೆ ಬರುವ ಬಸ್ಸು ಹತ್ತಿದ. ಅರ್ಧ ದಾರಿಯಲ್ಲಿ ಕಂಡಕ್ಟರನಿಗೆ ಹೇಳಿ ಇಳಿದು ರಸ್ತೆಯ ಬದಿಯಲ್ಲಿ ವಾಂತಿ ಮಾಡಿದ. ಹೇಸಿಗೆ ಬಟ್ಯನ ಮೇಲೆ ಇತ್ತು, ಕಣ್ಣೊರೆಸಿಕೊಂಡ ನೆಂಟರ ಮೇಲೆ ಇತ್ತು. ಮನೆ ಮುಟ್ಟುವಷ್ಟರಲ್ಲಿ ಅದರ ಬಹುಪಾಲು ತನ್ನ ಬಲಗೈಯ ಮೇಲೆಯೇ ಎಂದು ಅವನಿಗೆ ಗೊತ್ತಾಯಿತು.

ಸೀತಾಂಗೋಳಿಯಲ್ಲಿ ಸತ್ಯವತಿ ಎಂಬ ನಿವೃತ್ತ ಡ್ರಾಯಿಂಗ್ ಟೀಚರ್ ಇದ್ದರು. ಗಂಡ ತೀರಿಕೊಂಡಾಗ ಅವರು ಗಂಡನ ಫೋಟೊಕ್ಕೆ ಫ್ರೇಮು ಹಾಕಿಸಲು ಹರ್ಬರ್ಟನ ಅಂಗಡಿಗೆ ಬಂದಿದ್ದರು. ಇಷ್ಟು ಚಿಕ್ಕ ಫೋಟೊ ಯಾಕೆ, ದೊಡ್ಡದು ಮಾಡಿ ಕೊಡುತ್ತೇನೆ ಎಂದು ಅವನು ಹೇಳಿದ್ದಕ್ಕೆ ಅವರು ಗೋಡೆಯ ಮೇಲಿನ ಮುಖಗಳನ್ನು ಒಮ್ಮೆ ನೋಡಿ, ಬೇಡ ಎಂದಿದ್ದರು. ಆಗ ಅದು ಸೊಕ್ಕು ಅನ್ನಿಸಿತ್ತು. ಈಗ ಅವರ ನೆನಪಾಗಿ, ಒಂದು ಶನಿವಾರ ಅಂಗಡಿ ಮುಚ್ಚಿ ಅವರ ಮನೆಗೆ ಹೋದ. ಜಗಲಿಯಲ್ಲಿ ಸರಕಾರದ ಚಿತ್ರಕಲಾ ಪರೀಕ್ಷೆಗೆ ಕೂರುವ ಶಾಲೆಯ ಮಕ್ಕಳು ಹಲಗೆ ಹಿಡಿದು ಕುಳಿತಿದ್ದರು. ನನಗೂ ಮೊದಲಿನಿಂದ ಕಲಿಯಬೇಕು ಎಂದ. ಯಾಕೆಂದು ಟೀಚರ್ ಕೇಳಲಿಲ್ಲ. ಸ್ಟೂಲಿನ ಮೇಲೆ ಒಂದು ಕೋಳಿಮೊಟ್ಟೆ ಇಟ್ಟು, ಇದನ್ನು ಮಾಡಿ ಎಂದರು.

ಮೊಟ್ಟೆ ಅವನಿಗೆ ಎಷ್ಟರ ಕೆಲಸ? ಕಿಸೆಯಿಂದ ಹತ್ತಿ ತೆಗೆದು ತಿಕ್ಕಿ, ನುಣ್ಣಗೆ ಮಾಡಿ, ಎಡ ಮೇಲ್ಭಾಗದಲ್ಲಿ ಹೊಳೆಯುವ ಬಿಳಿ ಚುಕ್ಕೆ ಬಿಟ್ಟು ತೋರಿಸಿದ. ಮಕ್ಕಳು ಬಾಯಿ ತೆರೆದು ನೋಡಿದರು. ಟೀಚರ್ ಕಾಗದವನ್ನು ಮೊಟ್ಟೆಯ ಪಕ್ಕದಲ್ಲಿ ಹಿಡಿದರು.

"ಬೆಳಕು ಯಾವ ಕಡೆಯಿಂದ ಬರ್ತಾ ಉಂಟು?"

ಕಿಟಕಿ ಬಲಗಡೆ ಇತ್ತು. ಮೊಟ್ಟೆಯ ಬಲಗಡೆ ಬೆಳಗುತ್ತಿತ್ತು; ಅವನು ಹೊಳಪು ಇಟ್ಟ ಜಾಗ ನೆರಳಿನಲ್ಲಿತ್ತು.

"ಮತ್ತೆ ಇದೆಂತ ತಿಕ್ಕಿದ್ದು? ಹೆಣಕ್ಕೆ ಪೌಡರ್ ಹಾಕಿದ ಹಾಗೆ."

ಟೀಚರಿಗೆ ಎಣ್ಮಕಜೆಯ ಸಂಗತಿ ಏನೂ ಗೊತ್ತಿರಲಿಲ್ಲ. ಹತ್ತಿಯನ್ನು ಜಗಲಿಯಿಂದ ಹೊರಗೆ ಎಸೆದು ಬರಲು ಹೇಳಿದರು. ಹರ್ಬರ್ಟ್ ಹೋಗಿ ಎಸೆದು ಬಂದ.

ಕಲಿಕೆ ಶುರುವಾದದ್ದು ಗೆರೆಯಿಂದ. ಕಾಗದದ ಮೇಲಿನಿಂದ ಕೆಳಗೆ, ಸ್ಕೇಲು ಇಲ್ಲದೆ, ರಬ್ಬರು ಇಲ್ಲದೆ, ಮಣಿಕಟ್ಟು ಅಲುಗಿಸದೆ ಭುಜದಿಂದ ಎಳೆಯುವ ಗೆರೆ. ಒಂದರ ಪಕ್ಕ ಒಂದು, ಸಮ ಅಂತರದಲ್ಲಿ, ಹಾಳೆ ತುಂಬುವವರೆಗೆ. ನೆಟ್ಟಗಿನದು ಬಂದ ಮೇಲೆ ಅಡ್ಡ, ಆಮೇಲೆ ಓರೆ. ಹರ್ಬರ್ಟನ ಗೆರೆಗಳು ಕೊನೆಯಲ್ಲಿ ತಾವಾಗಿ ಬಾಗುತ್ತಿದ್ದವು, ಹುಬ್ಬಿನ ತುದಿಯ ಹಾಗೆ. ಕೈಗೆ ಅಂಟಿದ ಆ ಸಿಹಿ ಬಾಗು ಕಂಡರೆ ಅವನಿಗೆ ಎಂಜಲು ಮುಟ್ಟಿದಷ್ಟು ಅಸಹ್ಯವಾಗುತ್ತಿತ್ತು. ಟೀಚರ್ ಬಾಗಿದ ಪ್ರತಿ ತುದಿಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಕೊನೆಗೆ ಒಂದಷ್ಟು ತಿಂಗಳು ಎಡಗೈಯಲ್ಲೇ ಮಾಡಿ ಎಂದರು. ಎಡಗೈಗೆ ಕೆಟ್ಟ ಬುದ್ಧಿ ಇಲ್ಲ, ಅದಕ್ಕೆ ಏನೂ ಗೊತ್ತಿಲ್ಲ ಎಂಬುದು ಅವರ ಮಾತು. ಪಕ್ಕದಲ್ಲಿ ಕೂತ ಮಕ್ಕಳು ಅವನ ಹಾಳೆ ನೋಡಿ ಮುಸಿಮುಸಿ ನಗುತ್ತಿದ್ದರು. ಅವರು ಮುಂದಿನ ಪಾಠಕ್ಕೆ ಹೋದಾಗಲೂ ಅವನು ಗೆರೆಯಲ್ಲೇ ಇದ್ದ.

ಗೆರೆಯಿಂದ ವೃತ್ತಕ್ಕೆ ಬಂದ. ವೃತ್ತದಿಂದ ಚೆಂಬಿನ ಬಾಯಿಗೆ. ಚೆಂಬನ್ನು ನೆಲದ ಮೇಲಿಟ್ಟರೆ ಬಾಯಿ ಅಗಲ ಕಾಣುತ್ತದೆ, ಮೇಜಿನ ಮೇಲಿಟ್ಟರೆ ಕಿರಿದಾಗುತ್ತದೆ, ಕಣ್ಣಿನ ಮಟ್ಟಕ್ಕೆ ಏರಿಸಿದರೆ ಬರೀ ಒಂದು ಗೆರೆ. ಚೆಂಬು ಎಲ್ಲ ಕಡೆಯೂ ಅದೇ ಚೆಂಬು, ಆದರೆ ನೋಡುವವನು ಎಲ್ಲಿದ್ದಾನೆ ಎಂಬುದರ ಮೇಲೆ ಅದರ ಆಕಾರ. ಇಷ್ಟು ಸಣ್ಣ ಸಂಗತಿ ಮಕ್ಕಳಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಪೆಟ್ಟಿಗೆಗಳು, ಡಬ್ಬಗಳು. ಯಾವ ವಸ್ತುವಾದರೂ ಒಳಗೆ ಪೆಟ್ಟಿಗೆ, ಡಬ್ಬ, ಚೆಂಡು ಇವುಗಳಲ್ಲೇ ಒಂದು ಅಡಗಿರುತ್ತದೆ, ಮೊದಲು ಅದನ್ನು ಹಿಡಿಯಬೇಕು ಎಂದು ಟೀಚರ್ ಹೇಳುತ್ತಿದ್ದರು. ಪೆನ್ಸಿಲನ್ನು ತೋಳುದ್ದ ಚಾಚಿ, ಒಂದು ಕಣ್ಣು ಮುಚ್ಚಿ, ಅಗಲ ಎಷ್ಟು ಉದ್ದ ಎಷ್ಟು ಎಂದು ಅಳೆಯುವುದನ್ನು ಕಲಿಸಿದರು. ನೆರಳನ್ನು ತಿಕ್ಕುವ ಹಾಗಿಲ್ಲ, ಗೆರೆಯ ಮೇಲೆ ಗೆರೆ ಎಳೆದೇ ತರಬೇಕು. ನೆರಳಿನೊಳಗೂ ಒಂದು ಮಂದ ಬೆಳಕು, ನೆಲದಿಂದ ಹಾರಿ ಬಂದದ್ದು, ಇರುತ್ತದೆ. ಅದನ್ನು ನೋಡಲು ಅವನಿಗೆ ಒಂದು ಮಳೆಗಾಲ ಹಿಡಿಯಿತು. ಹೊಗಳಿಕೆ ಎಂಬುದು ಆ ಜಗಲಿಯಲ್ಲಿ ಇರಲಿಲ್ಲ. ಸರಿಯಾದರೆ ಟೀಚರ್ ಮುಂದಿನ ವಸ್ತುವನ್ನು ತಂದಿಡುತ್ತಿದ್ದರು, ಅಷ್ಟೇ.

ನೋಡಲು ಕಲಿತದ್ದೇ ಅವನಿಗೆ ಉಪದ್ರವಾಯಿತು. ವಾರದ ಉಳಿದ ದಿನಗಳಲ್ಲಿ ಅಂಗಡಿಯಲ್ಲಿ ಕುಳಿತು ಮಾಡಬೇಕಾದದ್ದು ಅದೇ ತುಟಿ, ಅದೇ ಚುಕ್ಕೆ. ಮೊದಲು ಕಾಣದಿದ್ದದ್ದೆಲ್ಲ ಈಗ ಕಾಣುತ್ತಿತ್ತು: ಕಿವಿಗಳು ತಲೆಗೆ ಅಂಟಿಸಿದ ಬಿಸ್ಕತ್ತಿನಂತಿದ್ದವು, ಕುತ್ತಿಗೆಗೆ ಒಳಗೆ ಎಲುಬೇ ಇರಲಿಲ್ಲ, ಗಂಡಸು ಹೆಂಗಸು ಮುದುಕ ಎಲ್ಲರ ಕಣ್ಣೂ ಒಂದೇ ಅಚ್ಚು. ಮತ್ತು ಇವು ಎಲ್ಲಿ ಹೋದರೂ ಎದುರಾಗುತ್ತಿದ್ದವು. ಸಂಬಂಧಿಕರ ಹುಡುಗಿಯ ಮದುವೆಯ ಹಿಂದಿನ ದಿನ, ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸಿನ ಊಟಕ್ಕೆ ಹೋಗಿದ್ದಾಗ, ಎದುರಿನ ಗೋಡೆಯಲ್ಲಿ ಜೊಕಿಮ್ ಮಾವನ ಚಿತ್ರ ಇತ್ತು. ಅವನೇ ಮಾಡಿದ್ದು. ಜೊಕಿಮ್ ಮಾವ ಕುಡಿದು ಬಂದು ಹೆಂಡತಿ ಮಗ್ದಲಿನ್‌ಳನ್ನು ಬೆಲ್ಟಿನಲ್ಲಿ ಹೊಡೆಯುತ್ತಿದ್ದದ್ದು ಬೇಳದಲ್ಲಿ ಗೊತ್ತಿಲ್ಲದವರಿಲ್ಲ. ಚಿತ್ರದಲ್ಲಿ ಅವನು ಪೂಜೆ ಮುಗಿಸಿ ಬಂದ ಸಂತನ ಹಾಗೆ, ಗುಲಾಬಿ ತುಟಿಯಲ್ಲಿ ಕಿರುನಗೆ ಇಟ್ಟುಕೊಂಡು ನೋಡುತ್ತಿದ್ದ. ಅದರ ಅಡಿಯಲ್ಲಿ ಮಗ್ದಲಿನ್ ಮಾಮಿ ಕುಳಿತು, ಹೊಡೆತದಿಂದ ಕಿವಿ ಮಂದವಾದ ತಲೆಯನ್ನು ಓರೆ ಮಾಡಿ, ನೆಂಟರ ಮಾತು ಕೇಳಲು ಹೆಣಗುತ್ತಿದ್ದಳು. ಹರ್ಬರ್ಟ್ ಬಾಯಲ್ಲಿದ್ದ ಹಂದಿಮಾಂಸದ ತುಂಡನ್ನು ಎಲೆಯ ಬದಿಗೆ ಉಗುಳಿ ಎದ್ದುಹೋದ. ಮಸಾಲೆ ಹೆಚ್ಚಾಯಿತೇ ಎಂದು ಮನೆಯವರು ಪಾಪ, ಬೇಸರ ಮಾಡಿಕೊಂಡರು.

ಗಿರಾಕಿಗಳ ಜೊತೆ ಜಗಳ ಶುರುವಾಯಿತು. ಅಪ್ಪನ ಮೆಳ್ಳೆಗಣ್ಣು ನೆಟ್ಟಗೆ ಮಾಡಿ ಎಂದು ಕೇಳಿದವನಿಗೆ, ನಿಮ್ಮ ಅಪ್ಪ ನೆಟ್ಟಗೆ ನೋಡಿದ್ದನ್ನು ನೀವು ಯಾವಾಗ ಕಂಡದ್ದು ಎಂದ. ಮಡಿಲಲ್ಲಿ ಮೊಮ್ಮಗನನ್ನು ಕೂರಿಸಿ ಎಂದವರಿಗೆ, ಅವನು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜಿ ಹೇಗೆ ಕೂರಿಸುತ್ತಾಳೆ ಎಂದ. ಒಬ್ಬರು ಮುಂಗಡ ವಾಪಸು ತೆಗೆದುಕೊಂಡು ಹೋದರು, ಆಮೇಲೆ ಇನ್ನೊಬ್ಬರು. ಸೋಫಿಯಾ ಕೆಲವು ತಿಂಗಳು ನೋಡಿದಳು. ಒಂದು ದಿನ ಮಧ್ಯಾಹ್ನ ಅಂಗಡಿಯಲ್ಲಿ ಗಂಡ ಅರ್ಧ ಮಾಡಿ ಬಿಟ್ಟ ಮುಖವೊಂದನ್ನು ತನ್ನ ಕಡೆ ಎಳೆದುಕೊಂಡು, ಹತ್ತಿ ತೆಗೆದುಕೊಂಡು, ತಾನೇ ತಿಕ್ಕತೊಡಗಿದಳು. ಎಷ್ಟೋ ವರ್ಷ ಚೌಕ ಎಳೆದವಳು. ಉಳಿದದ್ದೂ ಕಣ್ಣಿಗೆ ಅಭ್ಯಾಸವಾಗಿತ್ತು. ಸಂಜೆಯೊಳಗೆ ಮುಖ ಮುಗಿಯಿತು. ಹರ್ಬರ್ಟನಿಗಿಂತ ನುಣುಪು, ಅವನಿಗಿಂತ ಸಿಹಿ.

ಅವನು ಮುಖ ಕಿವಿಚಿದ. ಥೂ, ನೀನೂ ಇದನ್ನು ಮಾಡುವುದಾ ಎಂದ.

"ನಿಮಗೆ ಅಸಹ್ಯ ಆದರೆ ನೀವು ಮಾಡಬೇಡಿ," ಎಂದಳು ಸೋಫಿಯಾ. "ಜನ ಅಳುವಾಗ ಅವರಿಗೆ ಎದುರು ನೋಡಲಿಕ್ಕೆ ಒಂದು ಮುಖ ಬೇಕು. ಸರಿಯಾದ ಮುಖವೇ ಆಗಬೇಕು ಅಂತ ಯಾರು ಹೇಳಿದ್ದು? ನಮ್ಮ ಮಕ್ಕಳು ಉಣ್ಣುವುದೂ ಇದರಿಂದಲೇ. ಅನ್ನ ಕೂಡ ಅಸಹ್ಯ ಆಗ್ತದಾ ನಿಮಗೆ?"

ಆ ದಿನದಿಂದ ಮುಖದ ಕೆಲಸ ಸೋಫಿಯಾಳದಾಯಿತು. ಹರ್ಬರ್ಟ್ ಬೋರ್ಡು ಬರೆಯುವುದಕ್ಕೆ ಸರಿದ. ಅಕ್ಷರಗಳಲ್ಲಿ ಸುಳ್ಳು ಹೇಳಲು ಅಷ್ಟೊಂದು ಜಾಗ ಇಲ್ಲ ಎಂಬ ಸಮಾಧಾನ. ಆದರೆ ಒಂದೇ ಕೋಣೆಯಲ್ಲಿ, ಬೆನ್ನಿಗೆ ಬೆನ್ನು ಕೊಟ್ಟು ಕೂತಾಗ, ಹಿಂದಿನಿಂದ ಹತ್ತಿ ಕಾಗದಕ್ಕೆ ಉಜ್ಜುವ ಸದ್ದು ಅವನಿಗೆ ಹಲ್ಲಿನ ಮೇಲೆ ಮರಳು ತಿಕ್ಕಿದ ಹಾಗೆ ಆಗುತ್ತಿತ್ತು.

ಜಗಲಿಯ ಕಲಿಕೆ ನಡೆದೇ ಇತ್ತು. ಕುಂಬಳಕಾಯಿ, ಮಡಿಸಿಟ್ಟ ಮೈ ಒರೆಸುವ ಬೈರಾಸು, ಸವೆದ ಚಪ್ಪಲಿ, ಆಡಿನ ತಲೆಬುರುಡೆ. ಬುರುಡೆ ಸರಿಯಾಗಿ ಒಣಗಿರಲಿಲ್ಲ, ಕಣ್ಣಿನ ಗುಳಿಯಲ್ಲಿ ಇರುವೆ ಮುತ್ತಿತ್ತು. ಮಕ್ಕಳು ಮೂಗು ಮುಚ್ಚಿಕೊಂಡರು, ಒಂದು ಹುಡುಗಿ ಅತ್ತಳು. ಹರ್ಬರ್ಟ್ ಮಾತ್ರ ಅದರ ಹತ್ತಿರಕ್ಕೇ ಸರಿದು ಕುಳಿತ. ಚರ್ಮ ಹೋದ ಮೇಲೂ ಮುಖ ಯಾಕೆ ಮುಖವಾಗಿ ಉಳಿಯುತ್ತದೆ ಎಂದು ಅವನಿಗೆ ಅಲ್ಲಿ ಮೊದಲ ಸಲ ಗೊತ್ತಾಯಿತು. ಅದಾದ ಮೇಲೆ ಟೀಚರ್ ತಮ್ಮ ಸ್ವಂತ ಕೈಯನ್ನು ಮೇಜಿನ ಮೇಲಿಟ್ಟು ಬರೆಯಲು ಹೇಳಿದರು. ಕೈ ಬಂದ ಮೇಲೆ ತಲೆ. ಟೀಚರ್ ಪೇಪರು ಓದುತ್ತ ಕೂರುತ್ತಿದ್ದರು, ಅವನು ಬರೆಯುತ್ತಿದ್ದ. ಚೌಕ ಹಾಕದೆ, ನಿಜವಾಗಿ ನೋಡಿ ಅವನು ಬರೆದ ಮೊದಲ ಮನುಷ್ಯನ ಮುಖ ಅದು. ಕೆನ್ನೆಯ ಕೆಳಗೆ ಜೋತ ಚರ್ಮ, ಕನ್ನಡಕ ಒತ್ತಿದ ಗುರುತು, ಮೇಲಿನ ತುಟಿಯ ಸಣ್ಣ ಮೀಸೆ. ಟೀಚರ್ ನೋಡಿ, ಎಡಗಣ್ಣು ಎರಡು ನೂಲು ಕೆಳಗೆ ಬರಬೇಕು ಎಂದರು.

೧೯೯೨ರಲ್ಲಿ ಅವನು ಎಣ್ಮಕಜೆಗೆ ಹೋದ. ಕರೆದವರಿಲ್ಲ. ಆರು ವರ್ಷ ಒಳಗೇ ಕೊಳೆಯುತ್ತಿದ್ದದ್ದನ್ನು ಹೊರಹಾಕಬೇಕಿತ್ತು. ಲೋಲಾಕ್ಷಿ ಬಾಯಿಯಿಂದ ಹೇಳಲಿ, ತಾನು ಬರೆಯುತ್ತೇನೆ, ತಪ್ಪಿದಲ್ಲಿ ಅವಳು ತಿದ್ದಲಿ, ಅಮ್ಮಣಿಯ ನಿಜವಾದ ಮುಖ ಬರುವವರೆಗೆ ಬಿಡುವುದಿಲ್ಲ ಎಂದು ಹೊರಟಿದ್ದ. ಹಿಂದಿನ ದಿನ ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಹುಳಕ್ಕೆ ಮದ್ದು ಬಿಟ್ಟಿದ್ದರು. ದಾರಿಯುದ್ದಕ್ಕೂ ಗಂಟಲು ಕೆರೆಯುವ ನಾತ. ಬಾವಿಯ ಬಾಯಿಗೆ ತೆಂಗಿನ ಮಡಲು ಮುಚ್ಚಿದ್ದರು. ಬಟ್ಯ ದುಬಾಯಿಯಲ್ಲಿದ್ದ, ಅವನ ಹೆಂಡತಿ ಮಕ್ಕಳು ಮನೆಯಲ್ಲಿದ್ದರು. ಬಾಗಿಲಿನ ಮೇಲೆ ಆ ಚಿತ್ರ ಹಾಗೆಯೇ ಇತ್ತು. ಅದಕ್ಕೆ ಸಣ್ಣ ಕೆಂಪು ಬಲ್ಬು, ಅಂದಿನ ಬೆಳಗಿನ ಅಬ್ಬಲಿಗೆ ಹೂ. ಶಾಲೆಗೆ ಹೊರಟ ಹುಡುಗಿಯೊಬ್ಬಳು ಅದಕ್ಕೆ ಕೈಮುಗಿದು ಅಜ್ಜಿ ಎಂದು ಹೇಳಿ ಹೋದಳು.

ಬಂದ ಕಾರಣವನ್ನು ಹರ್ಬರ್ಟ್ ಲೋಲಾಕ್ಷಿಗೆ ಹೇಳಿದ. ಜಗಲಿಯ ಮೇಲೆ ಹಾಳೆ ಬಿಡಿಸಿ, ಪೆನ್ಸಿಲ್ ಕೆತ್ತಿ, ಮೊದಲು ಬಾಯಿಯಿಂದ ಶುರು ಮಾಡುವ, ಯಾವ ಬದಿಗೆ ಸೊಟ್ಟ ಇತ್ತು ಎಂದು ಕೇಳಿದ.

ಲೋಲಾಕ್ಷಿ ತನ್ನ ಬಾಯಿಯ ಬಲ ಮೂಲೆಯನ್ನು ಮುಟ್ಟಿದಳು. ಆಮೇಲೆ ಎಡ ಮೂಲೆಯನ್ನು. ಬಲಗೈಯಲ್ಲಿ ಚಮಚ ಹಿಡಿದು ಗಂಜಿ ಹಾಕುವ ಹಾಗೆ ಗಾಳಿಯಲ್ಲಿ ಕೈ ಮಾಡಿ ನೋಡಿದಳು. ಕೈ ಅಲ್ಲೇ ನಿಂತಿತು.

"ಗೊತ್ತಾಗುವುದಿಲ್ಲ ಪೊರ್ಬುಗಳೇ," ಎಂದಳು. "ದಿನಾ ದೀಪ ಇಡುವುದು ಆ ಚಿತ್ರಕ್ಕೇ ಅಲ್ಲವಾ. ಈಗ ಅಮ್ಮ ಅಂದರೆ ನನಗೆ ಆ ಮುಖವೇ ಬರುವುದು. ಮತ್ತೊಂದು ಹೋಯಿತು."

ಅವಳು ಅಳಲಿಲ್ಲ. ಕೋಪವೂ ಅವಳಲ್ಲಿ ಉಳಿದಿರಲಿಲ್ಲ. ಚಹ ಮಾಡಿ ತರುತ್ತೇನೆಂದು ಒಳಗೆ ಹೋದಳು. ಹರ್ಬರ್ಟ್ ಬಾಗಿಲಿನ ಮೇಲಿನ ಹೆಂಗಸನ್ನು ನೋಡಿದ. ಕುಷ್ಠ ಹಿಡಿದ ಮುಖ, ಹುಳ ಬಿದ್ದ ಹುಣ್ಣು ಎಷ್ಟೋ ಕಂಡಿದ್ದ. ಆದರೆ ಈ ಚಿತ್ರದಷ್ಟು ಹೊಲಸನ್ನು ಅವನು ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಸೌದೆ ಕೋಣೆಯಲ್ಲಿ ಎರಡು ವರ್ಷ ಕೊಳೆತ ಹೆಂಗಸಿನ ಮುಖವನ್ನು, ಅವಳ ಬಾಯಿಗೆ ಗಂಜಿ ಹಾಕಿದ ಮಗಳ ನೆನಪಿನಿಂದ ಕೂಡ, ಆ ಗುಲಾಬಿ ತುಟಿ ನೆಕ್ಕಿ ಅಳಿಸಿತ್ತು. ಕಿತ್ತು ಕೆಳಗೆ ಹಾಕೋಣ ಅನ್ನಿಸಿತು. ಹಾಕಿದರೆ ಲೋಲಾಕ್ಷಿಗೆ ಉಳಿಯುವುದು ಏನೂ ಇಲ್ಲ. ಚಹ ಕುಡಿದು, ಖಾಲಿ ಹಾಳೆ ಸುತ್ತಿಕೊಂಡು ಹೊರಟುಬಂದ.

ಸತ್ಯವತಿ ಟೀಚರಿಗೆ ಅವನು ಎಲ್ಲವನ್ನೂ ಹೇಳಿದ್ದು ಅದರ ಮರುದಿನ. ಇಷ್ಟು ವರ್ಷ ಕಲಿತದ್ದು ಯಾರಿಗೂ ಪ್ರಯೋಜನವಾಗಲಿಲ್ಲ, ಇನ್ನು ಬರುವುದಿಲ್ಲ ಎಂದೂ ಹೇಳಿದ. ಅವರು ಸಮಾಧಾನ ಮಾಡುವ ಪೈಕಿ ಅಲ್ಲ.

"ಮಾಡಿದ್ದು ಮಾಡಿ ಆಯಿತು, ಅದನ್ನು ತೊಳೆಯಲಿಕ್ಕೆ ಆಗುವುದಿಲ್ಲ," ಎಂದರು. "ಯಾರ ಪ್ರಯೋಜನಕ್ಕೆ ಅಂತ ನಾನು ಕಲಿಸಿದ್ದೂ ಅಲ್ಲ. ಶನಿವಾರ ಬದಿಯಿಂದ ಕಾಣುವ ಮುಖ ಮಾಡುವ. ಬರುವುದಾದರೆ ಬನ್ನಿ."

ಆ ಶನಿವಾರ ಅವನು ಹೋಗಲಿಲ್ಲ. ಮುಂದಿನ ಶನಿವಾರ ಹೋದ.

ಕೆಲವು ವರ್ಷ ಕಳೆದು ಟೀಚರ ಕಣ್ಣಿಗೆ ಪೊರೆ ಬಂತು. ಮಕ್ಕಳ ಹಾಳೆಯ ಮೇಲಿನ ಗೆರೆ ಅವರಿಗೆ ಕಾಣದಾಯಿತು. ಕೆಂಪು ಪೆನ್ಸಿಲನ್ನು ಹರ್ಬರ್ಟನ ಕೈಗೆ ಕೊಟ್ಟು, ನೀವು ನೋಡಿ ಎಂದರು. ಹಾಗೆ ಜಗಲಿಯ ಪಾಠ ಅವನದಾಯಿತು. ಅವನು ಟೀಚರಿಗಿಂತ ಕಟುವಾದ ಮೇಷ್ಟ್ರಾದ. ಮಗ ಮೂರು ತಿಂಗಳಾದರೂ ಗೆರೆಯಲ್ಲೇ ಇದ್ದಾನೆ ಎಂದು ದೂರಿದ ತಂದೆಗೆ, ಬೇಗ ಚಂದದ ಚಿತ್ರ ಬೇಕಾದರೆ ಕ್ಯಾಲೆಂಡರು ತಂದು ಗೋಡೆಗೆ ಹಾಕಿ ಎಂದು ಹೇಳಿ ಕಳಿಸಿದ. ಮಕ್ಕಳು ಕಡಿಮೆಯಾದರು. ಉಳಿದವರು ಗಟ್ಟಿಯಾಗಿ ಕಲಿತರು. ಅಷ್ಟರಲ್ಲಿ ಕಾಸರಗೋಡು ಪೇಟೆಗೆ ಕಂಪ್ಯೂಟರಿನಲ್ಲಿ ಫೋಟೊ ದೊಡ್ಡದು ಮಾಡುವ ಸ್ಟುಡಿಯೋ ಬಂತು. ಸತ್ತವರಿಗೆ ಅವರು ಕೋಟು ಹಾಕುತ್ತಿದ್ದರು, ಹಿಂದೆ ಸ್ವಿಟ್ಜರ್ಲೆಂಡಿನ ಗುಡ್ಡ ಇಡುತ್ತಿದ್ದರು. ಸೋಫಿಯಾ ಒಂದು ವರ್ಷ ತಡೆದು, ಹತ್ತಿ, ಪುಡಿ, ಗಾಜಿನ ತುಂಡು ಎಲ್ಲವನ್ನೂ ಗುಜರಿಯವನಿಗೆ ಕೊಟ್ಟು, ಅಂಗಡಿಯನ್ನು ಬರೀ ಫ್ರೇಮಿನ ಅಂಗಡಿ ಮಾಡಿದಳು. ಅವಳಿಗೆ ಅದರಲ್ಲಿ ದುಃಖವೇನೂ ಕಾಣಲಿಲ್ಲ.

೧೯೯೯ರಲ್ಲಿ ಹರಿನಾರಾಯಣ ಎಂಬ ಹೆಡ್ಮಾಸ್ಟರು ತಮ್ಮ ಶಾಲೆಯ ಕಲೋತ್ಸವದಲ್ಲಿ ಚಿತ್ರಸ್ಪರ್ಧೆಗೆ ತೀರ್ಪು ಕೊಡಲು ಹರ್ಬರ್ಟನನ್ನು ಕರೆದರು. ಕೊಟ್ಟ ವಿಷಯ, ನಮ್ಮೂರಿನ ಸಂಜೆ. ಹಾಳೆಗಳನ್ನು ಮೇಜಿನ ಮೇಲೆ ಹರಡಿದರೆ ಎಲ್ಲವೂ ಒಂದೇ ಚಿತ್ರ. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಬಾಗಿದ ಒಂದು ತೆಂಗಿನ ಮರ, ಮೂರರ ಅಂಕಿಯ ಹಾಗೆ ಹಕ್ಕಿಗಳು. ಹರ್ಬರ್ಟ್ ಹುಡುಗಿಯೊಬ್ಬಳನ್ನು ಕರೆದು, ನಿನ್ನ ಮನೆಯ ಹತ್ತಿರ ಸೂರ್ಯ ಎಲ್ಲಿ ಮುಳುಗುವುದು ಎಂದು ಕೇಳಿದ. ಸಮುದ್ರಕ್ಕೆ ಎಂದಳು. ಮತ್ತೆ ಗುಡ್ಡದ ನಡುವೆ ಯಾಕೆ ಇಟ್ಟೆ ಎಂದರೆ, ಸಂಜೆ ಅಂದರೆ ಹೀಗೆ ಮಾಡಬೇಕು ಎಂದು ಹೇಳಿಕೊಟ್ಟಿದ್ದಾರೆ ಎಂದಳು. ಅವನು ಮೊದಲ ಬಹುಮಾನದ ಜಾಗದಲ್ಲಿ ಅಡ್ಡಗೆರೆ ಎಳೆದು ಕೊಟ್ಟ. ಹೆಡ್ಮಾಸ್ಟರು ಕೈ ಹಿಡಿದು ಬೇಡಿಕೊಂಡರು, ಹೆತ್ತವರು ಬಂದಿದ್ದಾರೆ, ಬಹುಮಾನದ ಕಪ್ಪು ತಂದಾಗಿದೆ, ಯಾರಿಗಾದರೂ ಒಬ್ಬರಿಗೆ ಕೊಡಲೇಬೇಕು ಮಾರಾಯ್ರೆ ಎಂದರು. ಅವನು ಕೊಡಲಿಲ್ಲ. ಅವನು ಗೇಟು ದಾಟುವ ಮೊದಲೇ ಮೈಕಿನಲ್ಲಿ ಯಾರದೋ ಹೆಸರು ಕೂಗಿದರು. ಆ ಶಾಲೆಯಿಂದ ಮತ್ತೆ ಅವನಿಗೆ ಕರೆ ಬರಲಿಲ್ಲ. ಸೋಫಿಯಾ ಈ ಸಂಗತಿ ಕೇಳಿ ತುಂಬ ಹೊತ್ತು ನಕ್ಕಳು. ಅವನಿಗೆ ನಗು ಬರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಒಂದು ಭಾನುವಾರ, ಪೂಜೆ ಮುಗಿಸಿ ಬಂದು, ಸೋಫಿಯಾ ಅಂಗಳದ ಮೂಲೆಯಲ್ಲಿ ಕುಳಿತು ಬೂತಾಯಿ ಮೀನು ಹೆಚ್ಚುತ್ತಿದ್ದಳು. ಹರ್ಬರ್ಟ್ ಮೆಟ್ಟಿಲ ಮೇಲೆ ಕುಳಿತು ಅವಳನ್ನು ಬರೆದ. ಅವಳು ಬೇಡ ಎನ್ನಲಿಲ್ಲ, ತಿರುಗಿಯೂ ನೋಡಲಿಲ್ಲ; ಬೆಕ್ಕನ್ನು ಓಡಿಸಲು ಒಮ್ಮೆ ಕೈ ಎತ್ತಿದ್ದು ಬಿಟ್ಟರೆ ತನ್ನ ಕೆಲಸ ತಾನು ಮಾಡುತ್ತಿದ್ದಳು. ಮುಗಿದ ಮೇಲೆ ಕೈ ತೊಳೆದು ಬಂದು, ಒದ್ದೆ ಕೈ ತಾಗದ ಹಾಗೆ ಬಗ್ಗಿ ನೋಡಿದಳು. ನನ್ನ ಗದ್ದ ಇಷ್ಟು ದೊಡ್ಡ ಉಂಟಾ ಎಂದು ಕೇಳಿದಳು. ಉಂಟು ಎಂದ. ಅವಳು ಗದ್ದವನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಗೋಡೆಗೆ ಹಾಕುವ ಮಾತು ಇಬ್ಬರಲ್ಲಿ ಯಾರೂ ಆಡಲಿಲ್ಲ. ಹಾಳೆಯನ್ನು ಅವಳು ಒಳಗೆ ಒಯ್ದು ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಚಪ್ಪಟೆಯಾಗಿ ಇಟ್ಟಳು. ಕಿವಿ ಸ್ವಲ್ಪ ಮೇಲೆ ಹೋಗಿದೆ ಎಂದು ಹರ್ಬರ್ಟನಿಗೆ ಅನ್ನಿಸುತ್ತಿತ್ತು. ಮೀನು ಕುದಿಯುವವರೆಗೆ ಅಲ್ಲೇ ಕುಳಿತು, ಇನ್ನೊಂದು ಹಾಳೆಯಲ್ಲಿ ಬರೀ ಕಿವಿಯನ್ನು ಮಾಡಿ ನೋಡಿದ.